ದೇವದುರ್ಗದ ಬಡ್ಡಿ ಯಾರದು?

ಜುಲೈ ಒಂಬತ್ತು, ಮಂಗಳವಾರ. ಬೆಳಗ್ಗೆ ಐದು ನಲವತ್ತು. ಸ್ಥಳ: ರಾಯಚೂರು, ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ತಂಗಿ.

ದಿನವನ್ನು ಹೀಗೆ ಬರೆದಿಡುವುದು ನನ್ನ ರೂಢಿ. ಮೂವತ್ತಾರು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದೆ. ಪಾಳಿ ಬದಲಾಗುವಾಗ ದಿನಾಂಕ, ಗಂಟೆ, ಯಾರ್ಯಾರು ಇದ್ದರು ಎಂದು ಬರೆಯದೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಿವೃತ್ತಿಯಾಗಿ ಐದು ವರ್ಷ ಕಳೆದರೂ ಬರೆಯುವುದು ನಿಂತಿಲ್ಲ. ಆ ದಿನದ ಪುಟವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಚೀಲದಲ್ಲಿ ಇಟ್ಟುಕೊಂಡದ್ದು: ಪಿಂಚಣಿಯ ವಿವರ, ಎರಡು ಪಾಸ್‌ಬುಕ್, ಎರಡೂ ಬ್ಯಾಂಕುಗಳ ಬಡ್ಡಿ ಪತ್ರ, ಪ್ಯಾನ್ ಮತ್ತು ಆಧಾರ್ ಕಾರ್ಡು, ಹಿಂದಿನ ನಾಲ್ಕು ವರ್ಷ ಸಲ್ಲಿಸಿದ ಆದಾಯ ತೆರಿಗೆ ವಿವರಗಳ ಪ್ರತಿ, ಇನ್ನೊಂದು ಕನ್ನಡಕ, ಆರು ರೊಟ್ಟಿ, ಶೇಂಗಾ ಚಟ್ನಿ, ನೀರು. ಜೊತೆಗೆ ಅಂಟಿಸದ ಒಂದು ಲಕೋಟೆ. ಅದರಲ್ಲಿ ಪೊಲೀಸ್ ಠಾಣೆಗೆ ನಾನು ಹಿಂದಿನ ಸಂಜೆ ಬರೆದ ದೂರು ಇತ್ತು. ನಾಲ್ಕು ವರ್ಷ ನನ್ನ ತೆರಿಗೆ ವಿವರ ಸಲ್ಲಿಸಿಕೊಟ್ಟ ಮನುಷ್ಯನ ಮೇಲಿನ ದೂರು.

ಕಾರಣ ಇದು. ಎಂಟು ದಿನ ಮೊದಲು ನನ್ನ ಫೋನಿಗೆ ಒಂದು ಸಂದೇಶ ಬಂದಿತ್ತು. ಹೋದ ವರ್ಷ ನಾನು ತೋರಿಸಿದ ಬಡ್ಡಿ ಆದಾಯಕ್ಕೂ ಇಲಾಖೆಗೆ ಬ್ಯಾಂಕುಗಳಿಂದ ಬಂದ ಮಾಹಿತಿಗೂ ಹೊಂದಿಕೆಯಾಗುತ್ತಿಲ್ಲ, ಪರಿಶೀಲಿಸಿ ಉತ್ತರಿಸಿ ಎಂದು. ಮೊದಲು ಆ ಸಂದೇಶವನ್ನೇ ನಂಬಲಿಲ್ಲ. ಇಂಥವುಗಳನ್ನು ಒತ್ತಿ ರೊಕ್ಕ ಕಳೆದುಕೊಂಡವರ ಸುದ್ದಿ ವಾರಕ್ಕೊಂದು ಕೇಳುತ್ತೇವೆ. ಒತ್ತಲಿಲ್ಲ. ಮರುದಿನ ಹತ್ತು ಗಂಟೆಗೆ ಸರಿಯಾಗಿ ನನ್ನ ವಿವರ ಸಲ್ಲಿಸುವ ಮನುಷ್ಯನ ಅಂಗಡಿಗೆ ಹೋದೆ.

ಅಂಗಡಿ ರಾಯಚೂರಿನ ಒಂದು ಸಂದಿಯಲ್ಲಿದೆ. ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಪಹಣಿ, ತೆರಿಗೆ, ಎಲ್ಲ ಒಂದೇ ಮೇಜಿನ ಮೇಲೆ. ಅವನು ಸಂದೇಶ ನೋಡಿ, ಇಂಥವು ಎಲ್ಲರಿಗೂ ಬರುತ್ತವೆ, ತಲೆ ಕೆಡಿಸಿಕೊಳ್ಳಬೇಡಿ ಎಂದ. ನನ್ನ ಖಾತೆಯ ಪಾಸ್‌ವರ್ಡ್ ಕೊಡು ಎಂದೆ. ಅವನ ದಪ್ಪ ಪುಸ್ತಕದಲ್ಲಿ ನೂರಾರು ಜನರ ಪಾಸ್‌ವರ್ಡುಗಳಿದ್ದವು. ನನ್ನದರ ಪಕ್ಕದಲ್ಲಿ ಇಮೇಲ್ ವಿಳಾಸವೂ ಇತ್ತು. ನೋಡಿದರೆ ಅದು ಅವನದೇ. ನಾಲ್ಕು ವರ್ಷ ನನ್ನ ಫೋನಿಗೆ ಬಂದ ಆರು ಅಂಕಿಗಳನ್ನು ನಾನೇ ಅವನಿಗೆ ಓದಿ ಹೇಳಿದ್ದೆ. ಔಷಧದ ಕಪಾಟಿನ ಕೀಲಿಯನ್ನು ಹೆರಿಗೆ ನೋವಿನಲ್ಲಿದ್ದ ಸಹೋದ್ಯೋಗಿಗೂ ಸಹಿ ಇಲ್ಲದೆ ಕೊಟ್ಟವಳಲ್ಲ ನಾನು. ಇವನಿಗೆ ಮಾತ್ರ ಫೋನಿನಲ್ಲೇ ಎಲ್ಲ ಕೊಟ್ಟುಬಿಟ್ಟಿದ್ದೆ.

ಯಾವ ಬ್ಯಾಂಕಿನ ಬಡ್ಡಿ ಹೊಂದುತ್ತಿಲ್ಲ ಎಂದು ತೆಗೆಸಿ ನೋಡಿದೆ. ದೇವದುರ್ಗದ ಒಂದು ಬ್ಯಾಂಕು. ಆ ಬ್ಯಾಂಕಿನಲ್ಲಿ ನನ್ನ ಖಾತೆಯಿಲ್ಲ. ನನ್ನ ಎರಡು ಖಾತೆಗಳೂ ರಾಯಚೂರಿನಲ್ಲಿವೆ. ಹಾಗಾದರೆ ನನ್ನ ಪ್ಯಾನ್ ಇಟ್ಟುಕೊಂಡು ಯಾರೋ ಅಲ್ಲಿ ಖಾತೆ ತೆರೆದಿದ್ದಾರೆ. ನನ್ನ ಪ್ಯಾನ್, ಆಧಾರ್, ಫೋಟೊ, ಸಹಿ ಎಲ್ಲದರ ಪ್ರತಿ ಯಾರ ಹತ್ತಿರ ಇದೆ? ಅವನ ಹತ್ತಿರ. ಲೆಕ್ಕ ಅಷ್ಟು ಸರಳವಾಗಿತ್ತು. ಪರದೆಯ ಮೇಲಿದ್ದ ಆ ಸಾಲನ್ನು ಹೋದ ವರ್ಷ ನೋಡಿರಲಿಲ್ಲವೇ ಎಂದು ಕೇಳಿದ್ದಕ್ಕೆ ಅವನು ಸ್ವಲ್ಪ ತಡೆದು, "ನೋಡಿದ್ದೆ ಸಿಸ್ಟರ್. ಸಣ್ಣದಿತ್ತು, ಬಿಟ್ಟೆ" ಎಂದ. ಆ ತಡವರಿಕೆ ನನಗೆ ಸಾಕಾಯಿತು.

ಮೂವತ್ತಾರು ವರ್ಷದ ನನ್ನ ಸೇವಾ ಪುಸ್ತಕದಲ್ಲಿ ಒಂದು ಮೆಮೊ ಇಲ್ಲ, ಒಂದು ವಿವರಣೆ ಕೇಳಿದ ಪತ್ರ ಇಲ್ಲ. ಈ ವಯಸ್ಸಿನಲ್ಲಿ ಸರ್ಕಾರದ ಮುಂದೆ ಆದಾಯ ಮುಚ್ಚಿಟ್ಟವಳು ಎನಿಸಿಕೊಳ್ಳುವುದು ನನ್ನಿಂದಾಗದು. ಎಂಟು ದಿನ ಸರಿಯಾಗಿ ಊಟ ಸೇರಲಿಲ್ಲ. ದೊಡ್ಡ ಲೆಕ್ಕ ಪರಿಶೋಧಕರೊಬ್ಬರ ಕಚೇರಿಗೂ ಹೋದೆ. ಅವರು ಕೇಳಿದ ಶುಲ್ಕ ನನ್ನ ಎರಡು ತಿಂಗಳ ಕಿರಾಣಿಯಷ್ಟಿತ್ತು. ಅದೂ ಅವರು ಸ್ವತಃ ನೋಡುವುದಿಲ್ಲ, ಸಹಾಯಕರು ನೋಡುತ್ತಾರೆ, ಮುಂದಿನ ತಿಂಗಳು ಬನ್ನಿ ಎಂದರು. ವಿವರ ಸಲ್ಲಿಸುವ ಗಡುವು ಇದೇ ತಿಂಗಳ ಕೊನೆಗಿತ್ತು.

ಮಾನ್ವಿಯ ಒಬ್ಬ ಹೆಂಗಸಿನ ಸುದ್ದಿ ಬಂದದ್ದು ಪಿಂಚಣಿದಾರರ ಸಭೆಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಮಂಗಳವಾರ ಮತ್ತು ಶುಕ್ರವಾರ ಪಿಂಚಣಿದಾರರ ವಿವರ ಮಾಡಿಕೊಡುತ್ತಾಳೆ, ಮುನ್ನೂರು ರೂಪಾಯಿ. ಬೇರೆಯವರು ಐನೂರು, ಸಾವಿರ ತೆಗೆದುಕೊಳ್ಳುವಾಗ ಈಕೆಗೆ ಮುನ್ನೂರು ಹೇಗೆ ಗಿಟ್ಟುತ್ತದೆ? ಅಲ್ಲೇ ಏನೋ ಇದೆ ಎಂದುಕೊಂಡೆ. ಆದರೂ ಹೊರಟೆ.

ನನ್ನ ತಂಗಿ ಜೊತೆಗೆ ಬಂದಳು. ಟೇಲರಿಂಗ್ ಮಾಡುತ್ತಿದ್ದವಳು, ಈಗ ಕಣ್ಣು ಸಾಲದೆ ಬಿಟ್ಟಿದ್ದಾಳೆ, ನನ್ನ ಜೊತೆಯೇ ಇರುತ್ತಾಳೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳನ್ನು ಮನೆಯಲ್ಲಿ ಕೂರಿಸುವುದು ಕಷ್ಟ.

ಏಳು ಗಂಟೆಯ ಬಸ್ಸು ಹಿಡಿದೆವು. ಕಲ್ಲೂರು ದಾಟುವಾಗ ನಾನು ಚೀಲದಿಂದ ಒಂದು ಕಾಗದ ತೆಗೆದು ಮಡಚಿ ಪಕ್ಕದ ಜೇಬಿಗೆ ಹಾಕಿದೆ. ಅದು ನನ್ನ ಎರಡನೆಯ ಬ್ಯಾಂಕಿನ ಬಡ್ಡಿಯ ಪ್ರಮಾಣಪತ್ರ.

ಇದು ನನ್ನ ಹಳೆಯ ಪರೀಕ್ಷೆ. ವಾರ್ಡಿಗೆ ಹೊಸ ನರ್ಸ್ ಬಂದಾಗ ಮೊದಲ ವಾರ ಅವಳ ಟ್ರೇಯಲ್ಲಿ ಲೇಬಲ್ ಇಲ್ಲದ ಒಂದು ಇಂಜೆಕ್ಷನ್ ಸೀಸೆ ಇಡುತ್ತಿದ್ದೆ. ಒಳಗೆ ಬರೀ ನೀರು. ಇದೇನು ಎಂದು ಕೇಳಿದವಳು ಪಾಸು. ಕೇಳದೆ ಸಿರಿಂಜಿಗೆ ಎಳೆದವಳಿಗೆ ಮೂರು ದಿನ ಇಂಜೆಕ್ಷನ್ ಕೆಲಸ ಇಲ್ಲ, ಹಾಸಿಗೆ ಬದಲಿಸುವುದು ಮಾತ್ರ. ಕೆಲಸ ಬಲ್ಲವರು ಯಾರು ಎಂಬುದು ಅವರು ಮಾಡುವುದರಿಂದ ತಿಳಿಯುವುದಿಲ್ಲ, ಕೇಳುವುದರಿಂದ ತಿಳಿಯುತ್ತದೆ. ಕಾಗದ ಕಡಿಮೆಯಿದೆ ಎಂದು ಆಕೆ ಕೇಳಿದರೆ ಸರಿ, ಕೇಳದಿದ್ದರೆ ಎದ್ದು ಬರುವುದು ಎಂದು ನಿಶ್ಚಯಿಸಿದೆ. ತಂಗಿ ನೋಡಿದಳು.

ಎಂಟು ಇಪ್ಪತ್ತಕ್ಕೆ ಮಾನ್ವಿ. ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಒಂಬತ್ತಕ್ಕೆ ಆಕೆಯ ಮನೆ ಹುಡುಕಿದೆವು. ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಗಂಡ ಗಿರಣಿ ನಡೆಸುತ್ತಾನೆ, ಹೆಂಡತಿ ಈ ಬದಿಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ಐವತ್ತರ ಆಸುಪಾಸಿನ ಹೆಂಗಸು. ಕೀಬೋರ್ಡಿನ ಮೇಲೆ ಜೋಳದ ಹಿಟ್ಟು ಕೂರದಂತೆ ಬಟ್ಟೆ ಹೊದಿಸಿದ್ದಳು. ಕೆಲಸಕ್ಕೆ ಮೊದಲು ಅದನ್ನು ತೆಗೆದು ಕೊಡವಿ ಮಡಚಿ ಇಟ್ಟಳು. ಆ ಮಡಿಕೆ ನೇರವಾಗಿತ್ತು. ನಾನು ಅದನ್ನು ಗಮನಿಸಿದೆ. ಆದರೆ ನಂಬಿಕೆಗೆ ಅದು ಸಾಲದು.

ಇಷ್ಟು ಕಡಿಮೆ ಶುಲ್ಕ ಯಾಕೆ ಎಂದು ಕೂರುವ ಮೊದಲೇ ಕೇಳಿದೆ. ರಾಯಚೂರಿನ ಲೆಕ್ಕ ಪರಿಶೋಧಕರೊಬ್ಬರ ಹತ್ತಿರ ಹನ್ನೆರಡು ವರ್ಷ ಕೆಲಸ ಮಾಡಿದ್ದಾಗಿಯೂ, ಮದುವೆಯಾದ ಊರು ಇದೇ ಆದ್ದರಿಂದ ಅತ್ತೆ ಹಾಸಿಗೆ ಹಿಡಿದ ಮೇಲೆ ಇಲ್ಲೇ ಕೂತಿರುವುದಾಗಿಯೂ ಹೇಳಿದಳು. ಕೊನೆಗೆ, "ಪಿಂಚಣಿದಾರರದು ಒಂದು ತಾಸಿನ ಕೆಲಸ ಐತ್ರಿ. ಒಂದು ತಾಸಿನ ರೊಕ್ಕ ತಗೊಂತೀನಿ. ಕಾಗದ ನೆಟ್ಟಗಿಲ್ಲದವರ ಕಡಿ ಎರಡು ತಾಸಿಂದು ತಗೊಂತೀನಿ" ಎಂದಳು.

ನನ್ನ ಖಾತೆಗೆ ಹೊಸ ಪಾಸ್‌ವರ್ಡ್ ಹಾಕುವ ಹೊತ್ತು ಬಂತು. ಪರದೆಯನ್ನೂ ಕೀಬೋರ್ಡನ್ನೂ ನನ್ನ ಕಡೆ ತಿರುಗಿಸಿ, ಫೋನಿಗೆ ಬರುವ ಅಂಕಿಗಳನ್ನು ತನಗೆ ಹೇಳಬೇಡಿ, ನೀವೇ ಒತ್ತಿ, ಪಾಸ್‌ವರ್ಡನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ ಎಂದು ಹೇಳಿ ಗಿರಣಿಯ ಕಡೆ ಎದ್ದು ಹೋದಳು. ನಾನು ಗೋಡೆ, ಛಾವಣಿ, ಬಾಗಿಲ ಮೇಲೆ ಎಲ್ಲ ಕಡೆ ಕ್ಯಾಮೆರಾ ಹುಡುಕಿದೆ.

"ಏನ್ ನೋಡಾಕತ್ತಿ ಅಕ್ಕಾ?" ಎಂದಳು ತಂಗಿ. "ಜೇಡರ ಬಲಿ ಅದ, ಅಷ್ಟ. ಒತ್ತು."

ಒತ್ತಿದೆ. ಇಮೇಲ್ ಕೂಡ ತಂಗಿಯ ಫೋನಿನಲ್ಲಿ ನನ್ನ ಹೆಸರಿಗೆ ಹೊಸದು ಮಾಡಿ ಹಾಕಿದೆವು.

ಆಕೆ ಬಂದು ಕೂತು ನನ್ನ ಕಾಗದಗಳನ್ನು ಒಂದೊಂದಾಗಿ ಪರದೆಯ ಮೇಲಿನ ಸಾಲುಗಳೊಂದಿಗೆ ಹೋಲಿಸಿದಳು. ಮೂರೇ ನಿಮಿಷದಲ್ಲಿ ಬೆರಳು ನಿಂತಿತು. ರಾಯಚೂರಿನ ಎರಡನೆಯ ಬ್ಯಾಂಕಿನ ಬಡ್ಡಿ ಪತ್ರ ಎಲ್ಲಿ ಎಂದಳು. ನಾನು ಚೀಲ ತಡಕುವಂತೆ ಮಾಡಿದೆ.

"ಪಕ್ಕದ ಜೇಬಿನಾಗ ಅದ್ರಿ," ಎಂದಳು ನನ್ನ ತಂಗಿ. "ನಮ್ಮಕ್ಕ ಬೇಕಂತ ಇಟ್ಟಾಳ. ನಿಮ್ಮ ಪರೀಕ್ಷಾ ಮಾಡಾಕ."

ನನಗೆ ಮುಖ ಎತ್ತಲಾಗಲಿಲ್ಲ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಪರದೆ ತೋರಿಸಿ, ಈಗ ಬ್ಯಾಂಕುಗಳೇ ಎಲ್ಲ ಕಳಿಸುತ್ತವೆ, ಕಾಗದ ಬಚ್ಚಿಟ್ಟರೂ ಇಲ್ಲಿ ಕಾಣುತ್ತದೆ, ಕಣ್ಣಿದ್ದವರು ಯಾರು ಬೇಕಾದರೂ ಪಾಸಾಗುವ ಪರೀಕ್ಷೆ ಇದು ಎಂದಳು. ನನ್ನ ಪರೀಕ್ಷೆಗೆ ವಯಸ್ಸಾಗಿತ್ತು.

ಆಮೇಲೆ ಬೆರಳು ದೇವದುರ್ಗದ ಸಾಲಿಗೆ ಬಂತು. ನನ್ನ ಸಂಶಯವನ್ನೆಲ್ಲ ಹೇಳಿದೆ: ರಾಯಚೂರಿನವನು, ಅವನ ಪುಸ್ತಕ, ಇಮೇಲ್, ತಡವರಿಕೆ. ಲಕೋಟೆಯನ್ನೂ ತೋರಿಸಿದೆ. ಈ ಬಡ್ಡಿ ನನ್ನದಲ್ಲ ಎಂದು ಉತ್ತರ ಹಾಕುವ ಅವಕಾಶ ಅಲ್ಲಿದೆ ಎಂದು ಕೇಳಿದ್ದೆ. ಹಾಕಿಬಿಡು, ಮುಗಿಯಲಿ ಎಂದೆ.

ಆಕೆ ಕೈಯನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನನ್ನದಲ್ಲ ಅಂತ ಒತ್ತೋದು ಒಂದು ನಿಮಿಷದ ಕೆಲಸ ಸಿಸ್ಟರ್. ಆದರ ಯಾರದು ಅಂತ ಗೊತ್ತಿಲ್ದ ನಾ ಒತ್ತೋದಿಲ್ಲ. ನಾಳಿ ಅದು ನಿಮ್ಮದ ಆಗಿತ್ತಂದ್ರ, ಸುಳ್ಳು ಹೇಳಿದವರು ನೀವಾಗ್ತೀರಿ. ಬರ್ಕೊಟ್ಟಾಕಿ ನಾನಾಗ್ತೀನಿ."

"ನನ್ನದಲ್ಲ ಅಂತ ನಾನೇ ಹೇಳಾಕತ್ತೀನಲ್ಲ?"

"ನೀವು ಹೇಳ್ತೀರಿ. ಬ್ಯಾಂಕಿನವರು ನಿಮ್ಮದ ಅಂತಾರ. ನಾ ಯಾರ ಮಾತು ಕೇಳ್ಲಿ? ದೇವದುರ್ಗ ಇಲ್ಲೇ ಅದ. ಹೋಗಿ ಖಾತಿ ತೆರೆದ ಫಾರ್ಮ್ ನೋಡಿ ಬರ್ರಿ. ಆರು ಗಂಟಿತನಕ ನಾ ಇರ್ತೀನಿ. ಆ ಲಕೋಟಿ ಮಾತ್ರ ಅಲ್ಲೀತನಕ ಅಂಟಿಸಬ್ಯಾಡ್ರಿ."

ರೊಕ್ಕ ಕೊಡಲು ಹೋದೆ. ಕೆಲಸ ಮುಗಿದಿಲ್ಲ ಎಂದು ತೆಗೆದುಕೊಳ್ಳಲಿಲ್ಲ. ಹೊರಗೆ ಬಂದು ನಾನು ತಂಗಿಗೆ ಹೇಳಿದ್ದು ಇಷ್ಟು: ಇವಳೂ ಅವನೂ ಒಂದೇ ಕಚೇರಿಯಲ್ಲಿ ಕೆಲಸ ಕಲಿತಿರಬಹುದು, ಅದಕ್ಕೇ ಅವನನ್ನು ಉಳಿಸುತ್ತಿದ್ದಾಳೆ. ತಂಗಿ ನನ್ನನ್ನು ನೋಡಿ, "ಅಕ್ಕಾ, ನೀ ದವಾಖಾನಿ ಬಿಟ್ಟು ಠಾಣೆದಾಗ ಇರಬೇಕಿತ್ತು" ಎಂದಳು.

ಹತ್ತೂವರೆಗೆ ಸಿರವಾರದ ಬಸ್ಸು, ಅಲ್ಲಿಂದ ಇನ್ನೊಂದು. ಅರಕೇರಾ ದಾಟಿದ ಮೇಲೆ ಹೊಲಗಳಲ್ಲಿ ಹತ್ತಿ ಎರಡೆಲೆ ಬಿಟ್ಟಿತ್ತು. ನಾನು ದೇವದುರ್ಗದ ದವಾಖಾನೆಯಲ್ಲಿ ಹನ್ನೊಂದು ವರ್ಷ ಇದ್ದವಳು, ಅಲ್ಲೇ ಇನ್‌ಚಾರ್ಜ್ ಸಿಸ್ಟರ್ ಆಗಿ ನಿವೃತ್ತಿಯಾದವಳು. ದಾರಿಯುದ್ದಕ್ಕೂ ಆ ಊರಿನಲ್ಲಿ ನನ್ನ ಕಾಗದ ಮುಟ್ಟಿರಬಹುದಾದವರನ್ನು ಒಬ್ಬೊಬ್ಬರಾಗಿ ಎಣಿಸುತ್ತ ಹೋದೆ. ಸಂಬಳದ ಗುಮಾಸ್ತ, ಪಿಂಚಣಿ ಕಾಗದ ಟೈಪ್ ಮಾಡಿದವನು, ಮನೆ ಬಾಡಿಗೆಗೆ ಕೊಟ್ಟವರು. ಊರು ಬರುವ ಹೊತ್ತಿಗೆ ನಂಬಬಹುದಾದವರು ಒಬ್ಬರೂ ಉಳಿದಿರಲಿಲ್ಲ.

ಹನ್ನೆರಡು ಐವತ್ತು. ಬ್ಯಾಂಕು. ಗುಮಾಸ್ತೆಯೊಬ್ಬಳು ನನ್ನ ಆಧಾರ್, ಪ್ಯಾನ್ ನೋಡಿ, ಪ್ಯಾನ್ ನಿಮ್ಮದಾದರೆ ಫಾರ್ಮ್ ತೋರಿಸಬಹುದು ಎಂದು ಒಳಗೆ ಹೋದಳು. ಇಪ್ಪತ್ತು ನಿಮಿಷ ಕಾದೆವು. ನಾನು ಲಕೋಟೆಯನ್ನು ಕೈಯಲ್ಲೇ ಹಿಡಿದಿದ್ದೆ. ಸಹಿ ನಕಲಿಯಾಗಿದ್ದರೆ ಅಲ್ಲಿಂದ ನೇರ ಠಾಣೆಗೆ.

ಗುಮಾಸ್ತೆ ಹಳದಿಯಾದ ಫಾರ್ಮನ್ನು ಗಾಜಿನ ಮೇಲೆ ಇಟ್ಟಳು. ಫೋಟೊದಲ್ಲಿ ನಾನು. ಬಿಳಿ ಸೀರೆ, ಎರಡು ಪಿನ್ನು ಹಾಕಿದ ಸೆರಗು, ಆಗಿನ್ನೂ ಕಪ್ಪಾಗಿದ್ದ ಕೂದಲು. ಕೆಳಗೆ ನನ್ನ ಸಹಿ. ನಕಲಿಯಲ್ಲ. ಸಹಿಯ ಕೊನೆಯಲ್ಲಿ ಒಂದು ಚುಕ್ಕೆ ಇಟ್ಟು ಅಡ್ಡಗೆರೆ ಎಳೆಯುವುದು ನನ್ನದೇ ರೂಢಿ. ಖಾತೆಯ ಉದ್ದೇಶ ಎಂಬಲ್ಲಿ ನನ್ನ ದುಂಡು ಅಕ್ಷರದಲ್ಲೇ ಬರೆದಿತ್ತು: ದವಾಖಾನೆ ಸಿಬ್ಬಂದಿ ಸಹಾಯ ನಿಧಿ.

ಆಗ ನೆನಪಾಯಿತು. ಮಸರಕಲ್ಲಿನಿಂದ ಬರುತ್ತಿದ್ದ ಆಯಾ ಒಬ್ಬಳು ವಾರ್ಡಿನಲ್ಲೇ ಕುಸಿದು ಬಿದ್ದಳು. ಅವಳನ್ನು ರಾಯಚೂರಿಗೆ ಸಾಗಿಸಲು ಗಾಡಿ ಬಾಡಿಗೆಗೆ ಕೂಡ ಯಾರ ಹತ್ತಿರವೂ ಇರಲಿಲ್ಲ. ಆ ತಿಂಗಳಿನಿಂದ ಎಲ್ಲರೂ ಸಂಬಳದ ದಿನ ಒಂದಿಷ್ಟು ಹಾಕುತ್ತ ಬಂದೆವು. ನಿಧಿಗೆ ಖಾತೆ ಬೇಕಾದಾಗ ಇನ್‌ಚಾರ್ಜ್ ಎಂದು ನನ್ನ ಪ್ಯಾನ್ ಕೊಟ್ಟು ತೆರೆದದ್ದು ನಾನೇ. ಖಾತೆಯಲ್ಲಿ ಇಷ್ಟಕ್ಕಿಂತ ಹೆಚ್ಚಾದರೆ ತಾನೇ ಠೇವಣಿಯಾಗಲಿ ಎಂಬ ಸಾಲಿನ ಮುಂದೆ ಗುರುತು ಹಾಕಿದ್ದೂ ನಾನೇ. ನನ್ನ ಕಾಲದಲ್ಲಿ ಅಷ್ಟು ಕೂಡಲೇ ಇಲ್ಲ. ಈಚಿನ ವರ್ಷಗಳಲ್ಲಿ ಕೂಡಿದೆ, ಠೇವಣಿಯಾಗಿದೆ, ಬಡ್ಡಿ ಬಂದಿದೆ, ಬ್ಯಾಂಕು ಅದನ್ನು ನನ್ನ ಪ್ಯಾನಿನ ಮೇಲೆ ಕಳಿಸಿದೆ.

ಹಾಗಾದರೆ ಎಂಟು ದಿನ ನನಗೆ ಯಾಕೆ ನೆನಪಾಗಲಿಲ್ಲ? ಅದಕ್ಕೆ ಉತ್ತರ ನನ್ನ ತರಬೇತಿಯಲ್ಲೇ ಇದೆ. ಪಾಳಿ ಒಪ್ಪಿಸಿದ ಮೇಲೆ ವಾರ್ಡನ್ನು ಮನೆಗೆ ಹೊತ್ತು ತರಬಾರದು ಎಂದು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಸಹಿಯಾದ ಮೇಲೆ ಅದು ಮುಂದಿನವರದು. ನಿವೃತ್ತಿಯ ದಿನ ನಾನು ಕೊಟ್ಟ ಪ್ರಭಾರ ಪಟ್ಟಿಯಲ್ಲಿ ನೂರ ನಲವತ್ತಮೂರು ಸಾಲುಗಳಿದ್ದವು. ಕತ್ತರಿ, ಥರ್ಮಾಮೀಟರ್, ಹಾಸಿಗೆ, ನಿಧಿಯ ಪಾಸ್‌ಬುಕ್ಕು, ಚೆಕ್ ಪುಸ್ತಕ, ರಬ್ಬರ್ ಮುದ್ರೆ, ಎಲ್ಲಕ್ಕೂ ಮುಂದಿನ ಸಿಸ್ಟರ್ ಸಹಿ ಹಾಕಿ ತೆಗೆದುಕೊಂಡಿದ್ದಳು. ಪಾಸ್‌ಬುಕ್ಕು ಕೊಟ್ಟೆ, ಖಾತೆ ನನ್ನ ತಲೆಯಿಂದ ಹೋಯಿತು. ಅದಕ್ಕೆ ಅಂಟಿಕೊಂಡಿದ್ದ ನನ್ನ ಪ್ಯಾನ್ ಅಲ್ಲೇ ಉಳಿಯಿತು. ಅದು ಕೈಗೆ ಸಿಗುವ ವಸ್ತುವಲ್ಲ, ಹಾಗಾಗಿ ಎಣಿಕೆಗೆ ಬರಲಿಲ್ಲ.

ತಂಗಿ ಫಾರ್ಮನ್ನು ನೋಡಿದಳು. ಆಮೇಲೆ ನನ್ನ ಕೈಯ ಲಕೋಟೆಯನ್ನು ನೋಡಿದಳು. ನಾನು ಲಕೋಟೆಯನ್ನು ಚೀಲದೊಳಗೆ, ಎಲ್ಲಕ್ಕಿಂತ ಕೆಳಗೆ ಹಾಕಿದೆ.

ಗುಮಾಸ್ತೆ ನಿಯಮ ಹೇಳಿದಳು. ಖಾತೆ ನಡೆಸುವ ಅಧಿಕಾರ ಈಗಿನ ಸಿಸ್ಟರಿಗೆ ಹೋಗಿದೆ, ಆದರೆ ಮೊದಲ ಹೆಸರು ನನ್ನದೇ. ತೆಗೆಯಬೇಕಾದರೆ ಇಬ್ಬರ ಸಹಿಯ ಪತ್ರ ಬೇಕು, ಬೇರೊಂದು ಪ್ಯಾನ್ ಬೇಕು.

ಎರಡು ಗಂಟೆಗೆ ದವಾಖಾನೆ. ಈಗಿನ ಇನ್‌ಚಾರ್ಜ್ ಸಿಸ್ಟರ್ ಒಂದು ಕಾಲಕ್ಕೆ ನನ್ನ ಕೈಕೆಳಗಿನವಳು. ಲೇಬಲ್ ಇಲ್ಲದ ಸೀಸೆಯನ್ನು ಕೇಳದೆ ಎಳೆದವಳು. ಅವಳು ಎದ್ದು ನಿಂತು ಕುರ್ಚಿ ಕೊಟ್ಟಳು, ಚಹಾ ತರಿಸಿದಳು. ನಾನು ವಿಷಯವನ್ನು ಮೊದಲಿಂದ ಕೊನೆಯವರೆಗೆ ವರದಿ ಒಪ್ಪಿಸುವಂತೆ ಹೇಳಿದೆ. ತಪ್ಪು ನನ್ನದೇ ಎಂಬುದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅವಾಗ ನನಗ ಮೂರು ದಿನ ಹಾಸಿಗಿ ಬದಲ್ಸಾಕ ಹಚ್ಚಿದ್ರಿ. ಈಗ ನಿಮಗ ಎಷ್ಟು ದಿನ ಹಚ್ಚಲಿ ಸಿಸ್ಟರ್?"

ಅವಳು ನಗುತ್ತಲೇ ಕೇಳಿದ್ದು. ಹದಿನಾಲ್ಕು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಎಂದು ಮಾತ್ರ ತಿಳಿಯಿತು. ನಾನು, "ನಾಲ್ಕು ದಿನ. ಸೀನಿಯರ್ ಇದ್ದೀನಲ್ಲ" ಎಂದೆ.

ಆದರೆ ನಿನ್ನ ಪ್ಯಾನ್ ಕೊಡು ಎಂದಾಗ ನಗು ನಿಂತಿತು. ನಾಳೆ ಅವಳಿಗೂ ಇಂಥದೇ ಸಂದೇಶ ಬಂದರೆ? ಅವಳ ಸೇವೆ ಇನ್ನೂ ಒಂಬತ್ತು ವರ್ಷ ಇದೆ. ಇದರಲ್ಲಿ ಬೇರೆ ಏನಾದರೂ ಇದೆಯೇ, ನಾನು ನನ್ನ ತಲೆಯ ಮೇಲಿನದನ್ನು ಅವಳ ತಲೆಗೆ ಹಾಕಲು ಬಂದಿದ್ದೇನೆಯೇ ಎಂದು ಅವಳು ಯೋಚಿಸುತ್ತಿದ್ದಳು. ಆ ನೋಟ ನನಗೆ ಗೊತ್ತು. ಬೆಳಗ್ಗೆ ಗಿರಣಿ ಪಕ್ಕದ ಕೋಣೆಯಲ್ಲಿ ನಾನು ಛಾವಣಿ ನೋಡಿದ ರೀತಿ ಅದೇ ಇತ್ತು.

"ಹಂಗಾರ ನಮ್ಮಕ್ಕ ಇರೋತನಕ ಆಕಿ ಹೆಸರಿಲೇ ಇರ್ಲೇನು?" ಎಂದಳು ತಂಗಿ.

ಮಾನ್ವಿಗೆ ಫೋನ್ ಮಾಡಿದೆ. ಗಿರಣಿಯ ಸದ್ದಿನ ನಡುವೆ ಆಕೆ ಎರಡು ಮಾತಿನಲ್ಲಿ ದಾರಿ ಹೇಳಿದಳು. ನಿಧಿ ಒಬ್ಬರದಲ್ಲ, ಹಾಗಾಗಿ ಒಬ್ಬರ ಪ್ಯಾನ್ ಮೇಲೆ ಇರಲೇಬಾರದು. ಸದಸ್ಯರು ಸೇರಿ ನಿಯಮ ಬರೆದು ಸಹಿ ಮಾಡಿದರೆ ನಿಧಿಗೇ ಒಂದು ಪ್ಯಾನ್ ಸಿಗುತ್ತದೆ. ಅರ್ಜಿ ತಾನು ತುಂಬಿಕೊಡುವುದಾಗಿ ಹೇಳಿದಳು. ಅದು ಬರುವವರೆಗೆ ಈ ಬಡ್ಡಿಯನ್ನು ಬಚ್ಚಿಡದೆ ನನ್ನದೆಂದೇ ತೋರಿಸಿ ತೆರಿಗೆ ಕಟ್ಟಿಬಿಡುವುದು ಸುಲಭ, ಮೊತ್ತ ತೀರ ಸಣ್ಣದು. ಇಲ್ಲ, ನಿಧಿಯದೆಂದೇ ವಾದಿಸಬೇಕೆಂದರೆ ಅದಕ್ಕೂ ದಾರಿಯಿದೆ, ಆದರೆ ಉದ್ದ. ಎರಡರಲ್ಲಿ ಯಾವುದು ಎಂದು ನೀವೇ ಹೇಳಬೇಕು ಎಂದಳು. ನಾನು ಕಟ್ಟುತ್ತೇನೆ ಎಂದೆ. ಕೈಬಿಟ್ಟ ಸಾಲು ನನ್ನದು.

ಇನ್‌ಚಾರ್ಜ್ ಸಿಸ್ಟರ್ ಫೋನನ್ನು ತಾನೇ ತೆಗೆದುಕೊಂಡು ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿದಳು. ಒಂದಲ್ಲ, ಏಳು ಪ್ರಶ್ನೆ. ನಾನು ಮನಸ್ಸಿನಲ್ಲೇ ಅವಳನ್ನು ಪಾಸು ಮಾಡಿದೆ. ಆಮೇಲೆ ಇಬ್ಬರೂ ಬ್ಯಾಂಕಿಗೆ ಪತ್ರ ಬರೆದೆವು: ನಿಧಿಯ ಸ್ವಂತ ಪ್ಯಾನ್ ಬಂದ ಕೂಡಲೇ ಮೊದಲ ಹೆಸರು ತೆಗೆಯಬೇಕು, ಅಲ್ಲಿಯವರೆಗೆ ಹೊಸ ಠೇವಣಿ ಆಗಕೂಡದು. ಮೂರೂ ಇಪ್ಪತ್ತಕ್ಕೆ ಗುಮಾಸ್ತೆ ಪ್ರತಿಯ ಮೇಲೆ ಮುದ್ರೆ ಒತ್ತಿಕೊಟ್ಟಳು. ದಿನಾಂಕ ಹಾಕಿರಲಿಲ್ಲ. ಹಾಕಿಸಿಕೊಂಡೆ.

ರೊಟ್ಟಿ ತಿಂದದ್ದು ಬಸ್ಸಿನಲ್ಲಿ. ಐದೂ ಇಪ್ಪತ್ತಕ್ಕೆ ಮತ್ತೆ ಮಾನ್ವಿ. ಹೋದ ವರ್ಷದ್ದಕ್ಕೆ ತಿದ್ದಿದ ವಿವರ, ಈ ವರ್ಷದ್ದಕ್ಕೆ ಹೊಸದು, ಎರಡನ್ನೂ ಆಕೆ ಸಿದ್ಧ ಮಾಡಿದಳು. ತೆರಿಗೆಯನ್ನು ತಂಗಿಯ ಫೋನಿನಿಂದ ಕಟ್ಟಿದೆವು. ಸಲ್ಲಿಸುವ ಮೊದಲು ಪ್ರತಿ ಸಾಲನ್ನೂ ನನಗೆ ಗಟ್ಟಿಯಾಗಿ ಓದಿಸಿದಳು. ನಾನು ಸರಿ ಎಂದ ಮೇಲೆಯೇ ಮುಂದಿನದು. ಆರು ಅಂಕಿಗಳನ್ನು ಈ ಸಲ ನಾನೇ ಒತ್ತಿದೆ. ಹೋದ ವರ್ಷದ್ದಕ್ಕೊಮ್ಮೆ, ಈ ವರ್ಷದ್ದಕ್ಕೊಮ್ಮೆ.

ಒಟ್ಟು ಎಷ್ಟು ಎಂದೆ. ಆರುನೂರು ಎಂದಳು.

"ಮುನ್ನೂರು ಅಂದಿದ್ರಲ್ಲ?" ಎಂದೆ. ಸಂಶಯ ಅಷ್ಟು ಬೇಗ ಬಿಡುವುದಿಲ್ಲ.

"ಎರಡು ತಾಸು ಆತ್ರಿ. ಕಾಗದ ನೆಟ್ಟಗಿಲ್ಲದವರದು."

ತಂಗಿ ಬಾಗಿಲಾಚೆ ಹೋಗಿ ನಕ್ಕಳು. ನಾನು ಆರುನೂರು ಕೊಟ್ಟು ರಸೀದಿ ಕೇಳಿದೆ. ಆಕೆ ಆಗಲೇ ಬರೆದಿಟ್ಟಿದ್ದಳು. ರಾಯಚೂರಿನವನು ನಿನಗೆ ಗೊತ್ತೇ ಎಂದು ಹೊರಡುವಾಗ ಕೇಳಿಯೇಬಿಟ್ಟೆ. ಗೊತ್ತಿಲ್ಲ, ಹೆಸರೂ ಕೇಳಿಲ್ಲ ಎಂದಳು. ಆಮೇಲೆ ಕೀಬೋರ್ಡಿಗೆ ಬಟ್ಟೆ ಹೊದಿಸಿದಳು.

ಬಸ್ಸಿನಲ್ಲಿ ಕೂತು ಅವನ ಬಗ್ಗೆ ಯೋಚಿಸಿದೆ. ಸಾಲು ಕಂಡಿತ್ತು, ಕೇಳಲಿಲ್ಲ, ಬಿಟ್ಟ. ಅದು ತಪ್ಪೇ. ಅವನ ಅಂಗಡಿಗೆ ಇನ್ನು ಹೋಗುವುದಿಲ್ಲ. ಆದರೆ ಕದ್ದಿರಲಿಲ್ಲ. ಆ ಲಕೋಟೆಯನ್ನು ಬೆಳಗ್ಗೆಯೇ ಠಾಣೆಗೆ ಕೊಟ್ಟು ಬಂದಿದ್ದರೆ, ನನ್ನ ಹೆಸರು ಉಳಿಸಿಕೊಳ್ಳಲು ಹೋಗಿ ಅವನದನ್ನು ಕೆಡಿಸಿರುತ್ತಿದ್ದೆ.

ಏಳು ಮೂವತ್ತೈದಕ್ಕೆ ಮನೆ. ತಂಗಿ ಕುಕ್ಕರ್ ಇಟ್ಟಳು. ನಾನು ಕಪಾಟಿನಿಂದ ಪ್ರಭಾರ ಪಟ್ಟಿಯ ನನ್ನ ಪ್ರತಿ ತೆಗೆದೆ. ದೂರಿನ ಮೇಲೆ "ಕಳಿಸಿಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು, ದಿನಾಂಕ ಹಾಕಿ, ಪಟ್ಟಿಯ ಹಿಂದೆ ಸೇರಿಸಿ ಟ್ಯಾಗು ಕಟ್ಟಿದೆ. ಹರಿದು ಹಾಕಲಿಲ್ಲ. ಅದೂ ದಾಖಲೆಯೇ.

ಕೊನೆಯ ಪುಟದಲ್ಲಿ ನೂರ ನಲವತ್ತಮೂರನೆಯ ಸಾಲಿನ ಕೆಳಗೆ ಸ್ವಲ್ಪ ಜಾಗ ಇತ್ತು. ಅಲ್ಲಿ ಬರೆದೆ: ನೂರ ನಲವತ್ತನಾಲ್ಕು. ನಿಧಿ ಖಾತೆಗೆ ಅಂಟಿಕೊಂಡ ಪ್ಯಾನ್, ಒಂದು. ಹಸ್ತಾಂತರ ಬಾಕಿ, ಪತ್ರ ಕೊಟ್ಟಾಗಿದೆ. ಸಹಿ ಹಾಕಿ, ಕೊನೆಗೆ ಚುಕ್ಕೆ ಇಟ್ಟು ಗೆರೆ ಎಳೆದೆ. ಸಾಕ್ಷಿಗೆ ತಂಗಿಯನ್ನು ಕರೆದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು, ಮೇಲಿನಿಂದ ಕೆಳಗಿನವರೆಗೆ ಓದಿ, ಸಹಿ ಮಾಡಿದಳು.

ಸಮಯ ಏಳು ಐವತ್ತೆರಡು.